ಬೋರ್ಡ್ ಹಾಕಲಾಗದ ಡಾಕ್ಟರು

ಹೋದ ವರ್ಷ ಒಂದು ಶುಕ್ರವಾರ ರಾತ್ರಿ ಚಿಕ್ಕಪ್ಪನ ಫೋನ್ ಬಂತು. "ನಾಳೆ ರಜಾ ಅಲ್ವೇನಪ್ಪಾ, ಬಂದು ಇವಳಿಗೆ ಒಂಚೂರು ಬುದ್ಧಿ ಹೇಳು" ಅಂದರು. ಬುದ್ಧಿ ಹೇಳಿಸಿಕೊಳ್ಳಬೇಕಾಗಿದ್ದವಳು ಅವರ ಮಗಳು, ನನ್ನ ತಂಗಿ. ಎಂಬಿಬಿಎಸ್ ಮುಗಿಸಿ, ಪಿಜಿ ನೀಟ್ ಬರೆದು, ಪರವಾಗಿಲ್ಲ ಅನ್ನುವಂಥ ರ‍್ಯಾಂಕ್ ತಗೊಂಡಿದ್ದಳು. ಸೀಟಿನ ಆಯ್ಕೆ ತುಂಬೋಕೆ ಎರಡೇ ದಿನ ಉಳಿದಿತ್ತು. ಪಟ್ಟಿಯ ಮೊದಲಲ್ಲಿ ಅವಳು ಹಾಕಿಕೊಂಡಿದ್ದು ಎಂಡಿ ಅನಸ್ತೇಶಿಯಾ. ಮನೆಯಲ್ಲಿ ಮಾತುಕತೆ ನಿಂತು ಹೋಗಿತ್ತಂತೆ.

ಚಿಕ್ಕಪ್ಪ ಇರೋದು ಊರಿಗಾಂನಲ್ಲಿ. ನಮ್ಮ ಹಳ್ಳಿ ಬಂಗಾರಪೇಟೆ ಪಕ್ಕ. ತಾತ, ಚಿಕ್ಕಪ್ಪ ಇಬ್ಬರೂ ಚಿನ್ನದ ಗಣಿಯಲ್ಲಿ ದುಡಿದವರು. ನಮ್ಮಪ್ಪ ಮಾತ್ರ ಹೊಲ ಬಿಡಲಿಲ್ಲ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿದಾಗ ಚಿಕ್ಕಪ್ಪ ಕೈಗೆ ಬಂದ ದುಡ್ಡಲ್ಲಿ ಒಂದು ಸಣ್ಣ ದಿನಸಿ ಅಂಗಡಿ ಇಟ್ಟರು. ಆ ಅಂಗಡಿಯೇ ಮಗಳನ್ನು ಡಾಕ್ಟರ್ ಮಾಡಿತು. ಹಾಗಾಗಿ ಅವರು ಬೇಜಾರು ಮಾಡಿಕೊಂಡರೆ ನಾವು ಯಾರೂ ಎದುರು ಮಾತಾಡಲ್ಲ.

ಬೆಳಗಿನ ಹೊತ್ತು ಮಾರಿಕುಪ್ಪಂ ಕಡೆಯಿಂದ ಬೆಂಗಳೂರಿಗೆ ಬರೋ ರೈಲಲ್ಲಿ ಕಾಲಿಡೋಕೂ ಜಾಗ ಇರಲ್ಲ. ಗಣಿ ಹೋದ ಮೇಲೆ ಊರಿಗೆ ಊರೇ ಆ ರೈಲಲ್ಲಿ ಕೆಲಸಕ್ಕೆ ಹೋಗುತ್ತೆ. ನಾನು ಎದುರು ದಿಕ್ಕಿನವನು, ಕಿಟಕಿ ಸೀಟೇ ಸಿಕ್ಕಿತು. ಬಂಗಾರಪೇಟೆಯಿಂದ ಗಣಿಗೆಂದೇ 1894ರಲ್ಲಿ ಹಾಕಿದ ದಾರಿ ಇದು. ಕೋರಮಂಡಲ್ ದಾಟಿದ ಮೇಲೆ ಸೈನೈಡ್ ದಿಬ್ಬಗಳು ಕಾಣೋಕೆ ಶುರುವಾಗುತ್ತವೆ.

ಮನೆ ಬಾಗಿಲಲ್ಲೇ ಚಿಕ್ಕಪ್ಪ ಶುರು ಮಾಡಿದರು. "ಇಷ್ಟು ವರ್ಷ ಓದಿ ಕೊನೆಗೆ ನಿದ್ದೆ ಮಾಡಿಸೋ ಕೆಲಸಾನಾ? ಹೆರಿಗೆ ಡಾಕ್ಟರ್ ಆದ್ರೆ ರಾಬರ್ಟ್‌ಸನ್ ಪೇಟೆಲಿ ಬೋರ್ಡ್ ಹಾಕ್ಬೋದು. ಇದಕ್ಕೆ ಬೋರ್ಡ್ ಎಲ್ಲಿ ಹಾಕ್ತಾರೆ? ಏನಂತ ಬರೀತಾರೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ನಾನು ಬಿಇ. ಅನಸ್ತೇಶಿಯಾ ಬಗ್ಗೆ ನನಗೆ ಗೊತ್ತಿದ್ದದ್ದು ತಾತ ಹೇಳಿದ ಒಂದೇ ಒಂದು ಕತೆ.

ತಾತನಿಗೆ ಬಲಗಾಲಿನ ಮೂರು ಬೆರಳು ಇರಲಿಲ್ಲ. 50ರ ದಶಕದಲ್ಲಿ, ಪಾಳಿ ಮುಗಿಯೋ ಹೊತ್ತಿಗೆ, ಕಲ್ಲು ಬಿದ್ದು ಜಜ್ಜಿ ಹೋಗಿದ್ದವು. ಮೇಲೆ ತಂದು ಗಣಿ ಆಸ್ಪತ್ರೆಗೆ ಹಾಕಿದರು. "ಮೂಗಿನ ಮೇಲೆ ತಂತಿ ಜಾಲರಿ ಇಟ್ರು. ಅದರ ಮೇಲೆ ಬಟ್ಟೆ. ಸೀಸೆಯಿಂದ ತೊಟ್ಟು ತೊಟ್ಟಾಗಿ ಏನೋ ಬಿಟ್ರು. ಎಣಿಸು ಅಂದ್ರು. ಹನ್ನೊಂದಕ್ಕೆ ನಾನು ಇರ್ಲಿಲ್ಲ." ಈ ಕೊನೆಯ ಮಾತನ್ನು ತಾತ ಪ್ರತಿಸಲ ಅದೇ ರಾಗದಲ್ಲಿ ಹೇಳುತ್ತಿದ್ದರು. ಬೆರಳು ತೆಗೆದ ಡಾಕ್ಟರ ಹೆಸರು ಸಾಯೋ ತನಕ ನೆನಪಿತ್ತು. ಗಂಜಿ ತಂದುಕೊಟ್ಟ ನರ್ಸಮ್ಮನ ಹೆಸರೂ ನೆನಪಿತ್ತು. ಸೀಸೆ ಹಿಡಿದಿದ್ದವರು ಯಾರು ತಾತ ಅಂತ ಕೇಳಿದರೆ, "ಯಾರೋ ಇದ್ದ" ಅನ್ನುತ್ತಿದ್ದರು.

ಆ "ಯಾರೋ ಇದ್ದ" ನನ್ನನ್ನು ಬಿಡಲಿಲ್ಲ. ಅವತ್ತು ವಾಪಸ್ ಬಂದ ಮೇಲೆ ಕೆಲವು ವಾರ ಆಫೀಸ್ ಕೆಲಸದ ನಡುವೆ ಓದಿದ್ದೆಲ್ಲ ಆ ಯಾರೋ ಬಗ್ಗೆಯೇ. ಓದುತ್ತಾ ಹೋದ ಹಾಗೆ ಒಂದು ತಮಾಷೆ ಕಂಡಿತು. ಕತೆ ಶುರುವಾಗೋದೇ ನಮ್ಮ ಗಣಿಗೆ ನಂಟಿರೋ ಊರಿನವನಿಂದ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನಕ್ಕೆ ಕೈ ಹಾಕಿದಾಗ, ಆಳದ ಗಣಿ ಕೆಲಸ ಗೊತ್ತಿದ್ದ ಜನರನ್ನು ಕರೆಸಿದ್ದು ಇಂಗ್ಲೆಂಡಿನ ತುದಿಯ ಕಾರ್ನ್‌ವಾಲ್‌ನಿಂದ. ಅದೇ ಕಾರ್ನ್‌ವಾಲ್‌ನ ಪೆನ್ಜಾನ್ಸ್‌ನಲ್ಲಿ 1778ರಲ್ಲಿ ಹುಟ್ಟಿದವನು ಹಂಫ್ರಿ ಡೇವಿ. ಕಲ್ಲಿದ್ದಲ ಗಣಿಯವರಿಗೆ 1815ರಲ್ಲಿ ಸುರಕ್ಷಾ ದೀಪ ಮಾಡಿಕೊಟ್ಟವನು ಅಂತ ಹೈಸ್ಕೂಲಲ್ಲಿ ಓದಿರ್ತೀವಿ. ಅದಕ್ಕೂ ಮೊದಲು, ಇಪ್ಪತ್ತರ ಹುಡುಗನಾಗಿದ್ದಾಗ, ಬ್ರಿಸ್ಟಲ್‌ನಲ್ಲಿ ಕೂತು ನೈಟ್ರಸ್ ಆಕ್ಸೈಡ್ ಅನ್ನೋ ಗಾಳಿಯನ್ನು ತಾನೇ ಮೂಸಿ ಮೂಸಿ ನೋಡಿದ್ದ. ನಗು ಬರ್ತಿತ್ತು, ಹಲ್ಲುನೋವು ಕಮ್ಮಿಯಾಗ್ತಿತ್ತು. 1800ರಲ್ಲಿ ಬಂದ ಪುಸ್ತಕದಲ್ಲಿ, ಹೆಚ್ಚು ರಕ್ತ ಹೋಗದ ಶಸ್ತ್ರಕ್ರಿಯೆಗಳಲ್ಲಿ ಇದನ್ನು ಬಳಸಬಹುದೇನೋ ಅಂತ ಬರೆದೂ ಬಿಟ್ಟ.

ಯಾರೂ ಬಳಸಲಿಲ್ಲ. ನಲವತ್ತು ವರ್ಷಕ್ಕೂ ಹೆಚ್ಚು! ಜಾತ್ರೆ, ಪಾರ್ಟಿಗಳಲ್ಲಿ ಜನ ಆ ಗಾಳಿ ಕುಡಿದು ಕುಣಿದರು. ಅತ್ತ ಆಸ್ಪತ್ರೆಗಳಲ್ಲಿ ನಾಲ್ಕು ಜನ ಹಿಡಿದುಕೊಂಡು ಕಾಲು ಕೊಯ್ಯುವುದು ಹಾಗೇ ನಡೀತಿತ್ತು. ದಾಖಲಾತಿ ಇದ್ದೂ ಯಾರೂ ಓದದ ಫೀಚರ್ ಇದ್ದ ಹಾಗೆ. 1844ರಲ್ಲಿ ಹೊರೇಸ್ ವೆಲ್ಸ್ ಅನ್ನೋ ಅಮೆರಿಕದ ಹಲ್ಲಿನ ಡಾಕ್ಟರ್ ತನ್ನ ಹಲ್ಲನ್ನೇ ಈ ಗಾಳಿ ಕುಡಿದು ಕೀಳಿಸಿಕೊಂಡ. ಆದರೆ ಮಾರನೇ ವರ್ಷ ಬಾಸ್ಟನ್‌ನಲ್ಲಿ ಎಲ್ಲರೆದುರು ತೋರಿಸಲು ಹೋದಾಗ ರೋಗಿ ಕೂಗಿಕೊಂಡು ಮರ್ಯಾದೆ ಹೋಯಿತು. 1846ರ ಅಕ್ಟೋಬರ್ 16ರಂದು ಅದೇ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ಗೆದ್ದ. ಕತ್ತಿನ ಗಡ್ಡೆಗೆ ಚಾಕು ಹಾಕಿಸಿಕೊಂಡವನು ಕೂಗಲಿಲ್ಲ. ಸುದ್ದಿ ಹಡಗಿನಲ್ಲಿ ಹೋಗುತ್ತಿದ್ದ ಕಾಲ. ಆದರೂ ಐದೇ ತಿಂಗಳಿಗೆ, 1847ರ ಮಾರ್ಚ್ 22ಕ್ಕೆ, ಕಲ್ಕತ್ತಾದಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿದ್ದರು.

ಈಥರ್ ನಮ್ಮ ದೇಶಕ್ಕೆ ಸರಿಹೊಂದೋದು ಕಷ್ಟ. ಅದು ಕುದಿಯೋದು ಸುಮಾರು 35 ಡಿಗ್ರಿಗೆ. ಅಂದರೆ ಏಪ್ರಿಲ್‌ನ ಬಂಗಾರಪೇಟೆಯಲ್ಲಿ ಸೀಸೆ ಬಾಯಿ ತೆಗೆದರೆ ಅದು ಔಷಧಿಯಾಗಿ ಉಳಿಯೋದೇ ಕಷ್ಟ. ಜೊತೆಗೆ ಬೆಂಕಿ ಹತ್ತುತ್ತೆ. ದೀಪದ ಬೆಳಕಲ್ಲಿ ಆಪರೇಷನ್ ಮಾಡೋ ಕಾಲದಲ್ಲಿ ಅದೊಂದು ಭಯ. (ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂದಿದ್ದೇ 1902ರಲ್ಲಿ.) ಹಾಗಾಗಿ, 1847ರ ಕೊನೆಗೆ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ತಂದಾಗ ಇಲ್ಲಿನ ಡಾಕ್ಟರುಗಳು ಅದನ್ನೇ ಅಪ್ಪಿಕೊಂಡರು. ಒಂದು ಕರವಸ್ತ್ರ, ನಾಲ್ಕು ತೊಟ್ಟು, ಸಿಹಿ ವಾಸನೆ, ಆಯಿತು.

ಆಗಲಿಲ್ಲ. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರ ಹ್ಯಾನಾ ಗ್ರೀನರ್ ಅನ್ನೋ ಹದಿನೈದರ ಹುಡುಗಿ ಕಾಲುಗುರು ತೆಗೆಸಿಕೊಳ್ಳಲು ಕೂತಳು. ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷಕ್ಕೆ ಸತ್ತಳು. ಕಾಲುಗುರು! ಅಲ್ಲಿಂದ ಮುಂದೆ ಅರವತ್ತು ವರ್ಷ ಡಾಕ್ಟರುಗಳು ಕಿತ್ತಾಡಿದ್ದು ಒಂದೇ ಪ್ರಶ್ನೆಗೆ. ಕ್ಲೋರೋಫಾರ್ಮ್ ಮೊದಲು ನಿಲ್ಲಿಸೋದು ಉಸಿರನ್ನೋ, ಹೃದಯವನ್ನೋ? ಎಡಿನ್‌ಬರೋದವರು ಉಸಿರು ನೋಡಿ ಅಂದರು, ಲಂಡನ್ನಿನವರು ನಾಡಿ ಹಿಡೀರಿ ಅಂದರು.

ಈ ಜಗಳದ ನಡುವೆ ಒಬ್ಬ ಮಾತ್ರ ಸುಮ್ಮನೆ ಲೆಕ್ಕ ಬರೀತಾ ಕೂತಿದ್ದ. ಡೇಟಾ ಸೈನ್ಸ್ ಕೋರ್ಸುಗಳಲ್ಲಿ ಲಂಡನ್ನಿನ ಕಾಲರಾ ನಕ್ಷೆ ತೋರಿಸ್ತಾರಲ್ಲ, 1854ರ ನೀರಿನ ಪಂಪಿನ ಕತೆ? ಆ ಜಾನ್ ಸ್ನೋ ಹೊಟ್ಟೆಪಾಡಿಗೆ ಮಾಡ್ತಿದ್ದದ್ದು ಅರಿವಳಿಕೆ ಕೊಡುವ ಕೆಲಸ. ಎಷ್ಟು ಬಿಸಿಗೆ ಎಷ್ಟು ಆವಿ ಏಳುತ್ತೆ ಅಂತ ಅಳೆದು, ಅದಕ್ಕೆ ತಕ್ಕ ಉಪಕರಣ ಮಾಡಿ, ಪ್ರತಿ ರೋಗಿಯ ವಿವರವನ್ನೂ ಪುಸ್ತಕದಲ್ಲಿ ಬರೆದಿಟ್ಟ. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೂ ಅವನದೇ ಕ್ಲೋರೋಫಾರ್ಮ್. ನನ್ನ ಪ್ರಕಾರ ಈ ವೃತ್ತಿಗೆ ಮೊದಲ ಮರ್ಯಾದೆ ತಂದವನು ಅವನೇ. ಆದರೂ ಜಗತ್ತು ಅವನನ್ನು ನೆನಪಿಟ್ಟಿರೋದು ಪಂಪಿಗೆ!

ಜಗಳ ಹೈದರಾಬಾದಿಗೆ ಬಂದದ್ದು 1888ರಲ್ಲಿ. ನಮ್ಮ ರಾಯಚೂರು, ಬೀದರ್, ಕಲಬುರಗಿಗಳೆಲ್ಲ ಆಗ ಸೇರಿದ್ದ ಅದೇ ನಿಜಾಮರ ಸಂಸ್ಥಾನ. ಅಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಎಡಿನ್‌ಬರೋ ಪಕ್ಷದವನು, ಹಟವಾದಿ. ನಿಜಾಮ ಮಹಬೂಬ್ ಅಲಿ ಖಾನರ ದುಡ್ಡಲ್ಲಿ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ಅಂತ ಮಾಡಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದ. ಮೊದಲು ನಿಲ್ಲೋದು ಉಸಿರೇ, ಹೃದಯ ಅಲ್ಲ ಅಂತ ಘೋಷಿಸಿದ. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ನಂಬಲಿಲ್ಲ. ಹಾಗಿದ್ರೆ ನಿಮ್ಮ ಮನುಷ್ಯನನ್ನೇ ಕಳಿಸಿ ಅಂತ ನಿಜಾಮರು ಸಾವಿರ ಪೌಂಡ್ ಕೊಟ್ಟರು. 1889ರಲ್ಲಿ ಲಾಡರ್ ಬ್ರಂಟನ್ ಬಂದ. ಎರಡನೇ ಆಯೋಗ ಕೂತಿತು, ಮತ್ತೆ ನೂರಾರು ಪ್ರಾಣಿಗಳು, ಮತ್ತೆ ಅದೇ ತೀರ್ಮಾನ. ಗುಮಾನಿಯಲ್ಲಿ ಬಂದ ಬ್ರಂಟನ್ನೇ ಲಾರಿಯ ಕಡೆ ವಾಲಿಬಿಟ್ಟ.

ತೀರ್ಮಾನ ತಪ್ಪಾಗಿತ್ತು. 1911ರಲ್ಲಿ ಲೆವಿ ಅನ್ನುವವನು, ಕ್ಲೋರೋಫಾರ್ಮ್ ಕಮ್ಮಿ ಪ್ರಮಾಣದಲ್ಲಿದ್ದಾಗಲೂ ಹೃದಯದ ಬಡಿತ ಒಮ್ಮೆಲೇ ದಿಕ್ಕೆಟ್ಟು ನಿಲ್ಲಬಹುದು ಅಂತ ತೋರಿಸಿದ. ಒಂದೇ ಮೆಟ್ರಿಕ್ ನೋಡ್ಕೊಂಡು ಸಿಸ್ಟಂ ಚೆನ್ನಾಗಿದೆ ಅಂದ್ಕೊಳ್ಳೋ ತಪ್ಪು ಲಾರಿಯದು. ನಾವೂ ದಿನಾ ಮಾಡ್ತೀವಿ. ಆದರೆ ಉಸಿರಿನ ಮೇಲೆ ಕಣ್ಣಿಡಿ ಅಂತ ಅವನು ಹಿಡಿದ ಹಟ ಮಾತ್ರ ಸುಳ್ಳಲ್ಲ.

ಹೈದರಾಬಾದಿನ ಕತೆಯಲ್ಲಿ ನನಗೆ ಆಯೋಗಕ್ಕಿಂತ ಮುಖ್ಯ ಅನಿಸಿದ್ದು ರೂಪಾಬಾಯಿ ಫರ್ದೂನ್‌ಜಿ. ಪಾರ್ಸಿ ಹುಡುಗಿ. ಹೆಣ್ಣುಮಕ್ಕಳನ್ನು ಡಾಕ್ಟರಿಕೆಗೆ ಸೇರಿಸಿಕೊಳ್ಳೋದೇ ಅಪರೂಪವಾಗಿದ್ದ 1885ರಲ್ಲಿ ಲಾರಿಯ ಶಾಲೆಗೆ ಸೇರಿದ ಐವರಲ್ಲಿ ಒಬ್ಬಳು. ಓದು ಮುಗಿಸಿ ಆಕೆ ಆರಿಸಿಕೊಂಡದ್ದು ಕ್ಲೋರೋಫಾರ್ಮ್ ಕೊಡುವ ಕೆಲಸವನ್ನು. ಎರಡನೇ ಆಯೋಗದ ಹೊತ್ತಿನಲ್ಲೂ ಆಕೆ ಕೊಟ್ಟಿದ್ದಾಳೆ. ಹೈದರಾಬಾದಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಅದನ್ನೇ ಮಾಡಿದಳು. ನಡುವೆ ಎಡಿನ್‌ಬರೋಗೆ ಹೋಗಿ ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿತು ಬಂದಳು. ಗಾಳಿ, ಆವಿ, ಒತ್ತಡದ ಲೆಕ್ಕ ಗೊತ್ತಿಲ್ಲದೆ ಈ ಕೆಲಸ ಆಗಲ್ಲ ಅನ್ನೋದು ಆಕೆಗೆ ಹೊಳೆದಿತ್ತು. ಪ್ರಪಂಚದ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಅಂತ ಈಗ ಆಕೆಯನ್ನು ಗುರುತಿಸುತ್ತಾರೆ. ನಾನು ಹೈದರಾಬಾದಿನಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ, ಬಿರಿಯಾನಿ ಅಂಗಡಿ ಒಂದೂ ಬಿಟ್ಟಿರಲಿಲ್ಲ. ಈ ಹೆಸರು ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ.

ರೂಪಾಬಾಯಿ ಅಪವಾದ. ಮುಂದಿನ ಐವತ್ತು ವರ್ಷ ಜಾಲರಿಯ ಮೇಲೆ ತೊಟ್ಟು ಬಿಡೋ ಕೆಲಸ ಬಹಳ ಕಡೆ ಕೈ ಖಾಲಿ ಇದ್ದವರ ಪಾಲಿಗೆ ಬರ್ತಿತ್ತು. ಕಿರಿಯ ಡಾಕ್ಟರು, ನರ್ಸು, ಕೆಲವೊಮ್ಮೆ ಕಾಂಪೌಂಡರು. ಮೊದಲ ಮಹಾಯುದ್ಧದಲ್ಲಿ ಆರ್ಥರ್ ಗ್ವೆಡೆಲ್ ಅನ್ನೋ ಅಮೆರಿಕನ್ ಡಾಕ್ಟರು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಮೋಟಾರ್‌ಸೈಕಲ್ಲಿನಲ್ಲಿ ಓಡಾಡುತ್ತಾ, ಏನೂ ಗೊತ್ತಿಲ್ಲದ ಸಿಪಾಯಿಗಳಿಗೆ ಈಥರ್ ಕೊಡೋದು ಕಲಿಸಿದ. ಕಣ್ಣುಗುಡ್ಡೆ ಹೇಗೆ ಓಡಾಡುತ್ತೆ, ಪಾಪೆ ಎಷ್ಟು ಅಗಲ, ಎದೆ ಏಳುತ್ತೋ ಹೊಟ್ಟೆ ಏಳುತ್ತೋ ಅಂತ ಒಂದು ಚಾರ್ಟ್ ಮಾಡಿಕೊಟ್ಟ. ತಾತನ ಪಕ್ಕದಲ್ಲಿ ಸೀಸೆ ಹಿಡಿದು ನಿಂತಿದ್ದ ಆ ಯಾರೋ ಕೂಡ ಅದನ್ನೇ ನೋಡ್ತಾ ಇದ್ದಿರಬೇಕು. ಯಂತ್ರ ಇಲ್ಲ, ಪರದೆ ಇಲ್ಲ. ಎರಡು ಕಣ್ಣು, ಒಂದು ಕಿವಿ ಉಸಿರಿನ ಮೇಲೆ.

ಈ ಕೆಲಸಕ್ಕೆ ತಳ್ಳಿಸಿಕೊಂಡು ಬಂದವರೂ ಇದ್ದಾರೆ. ವರ್ಜೀನಿಯಾ ಎಪ್ಗಾರ್ ನ್ಯೂಯಾರ್ಕಿನಲ್ಲಿ ಸರ್ಜನ್ ಆಗೋಕೆ ಹೊರಟವಳು. ಹೆಣ್ಣು ಸರ್ಜನ್ ಹತ್ತಿರ ಯಾರು ಬರ್ತಾರೆ, ನೀನು ಅನಸ್ತೇಶಿಯಾಗೆ ಹೋಗು ಅಂತ ಆಕೆಯ ಮೇಲಧಿಕಾರಿಯೇ ದಾರಿ ತಿರುಗಿಸಿದ. ಬೋರ್ಡಿನ ಪ್ರಶ್ನೆ ಚಿಕ್ಕಪ್ಪನದೊಂದೇ ಅಲ್ಲ ನೋಡಿ. ಹೆರಿಗೆ ಕೋಣೆಯಲ್ಲಿ ತಾಯಿಗೆ ಅರಿವಳಿಕೆ ಕೊಟ್ಟು ನಿಂತಿದ್ದ ಆಕೆಗೆ, ಹುಟ್ಟಿದ ಕೂಸನ್ನು ಆ ಮೊದಲ ನಿಮಿಷದಲ್ಲಿ ಯಾರೂ ಸರಿಯಾಗಿ ನೋಡ್ತಾನೇ ಇಲ್ಲ ಅನ್ನೋದು ಕಂಡಿತು. 1952ರಲ್ಲಿ ಬಣ್ಣ, ಬಡಿತ, ಉಸಿರು, ಬಿಗಿ, ಪ್ರತಿಕ್ರಿಯೆ ಅಂತ ಐದು ನೋಡಿ ಹತ್ತಕ್ಕೆ ಅಂಕ ಕೊಡೋ ಕ್ರಮ ತಂದಳು. ನಿಮಗೆ ಮಗು ಇದ್ದರೆ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ, ಎಪ್ಗಾರ್ ಸ್ಕೋರ್ ಇರುತ್ತೆ.

ಅದೇ 1952ರಲ್ಲಿ ಕೋಪನ್‌ಹೇಗನ್‌ಗೆ ಪೋಲಿಯೋ ಬಡಿಯಿತು. ಉಸಿರಾಟ ನಿಂತವರಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಸಾಯ್ತಿದ್ದರು. ಕೊನೆಗೆ ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ಡಾಕ್ಟರನ್ನು ಕರೆದರು. ಆಪರೇಷನ್ ಟೇಬಲ್ ಮೇಲೆ ನಾನು ದಿನಾ ಮಾಡೋದನ್ನೇ ವಾರ್ಡಿನಲ್ಲಿ ಮಾಡ್ತೀನಿ ಅಂತ ಅವನ ಯೋಚನೆ. ಹನ್ನೆರಡರ ಹುಡುಗಿಯ ಗಂಟಲಿಗೆ ತೂತು ಮಾಡಿ, ಕೊಳವೆ ಹಾಕಿ, ರಬ್ಬರ್ ಚೀಲ ಕೈಯಲ್ಲಿ ಒತ್ತುತ್ತಾ ಉಸಿರು ತುಂಬಿದ. ಹುಡುಗಿ ಉಳಿದಳು. ಆಮೇಲೆ ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ತಿಂಗಳುಗಟ್ಟಲೆ ಕೂತು ಚೀಲ ಒತ್ತಿದರು. ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಐಸಿಯು ಹುಟ್ಟಿದ್ದು ಹೀಗೆ. ಕೋವಿಡ್‌ನಲ್ಲಿ ನಮ್ಮ ಮನೆಯವರನ್ನು ವೆಂಟಿಲೇಟರಿಗೆ ಹಾಕಿದವರಲ್ಲಿ ಎಷ್ಟೋ ಜನ ಅನಸ್ತೇಶಿಯಾದವರೇ. ನಾವು ಅವರನ್ನು ಐಸಿಯು ಡಾಕ್ಟರು ಅಂತಷ್ಟೇ ಕರೆದೆವು.

ಇಷ್ಟರಲ್ಲಿ ನನ್ನ ಜಾತಿಯವನೂ, ಅಂದರೆ ಎಂಜಿನಿಯರೂ ಒಬ್ಬ ಬರ್ತಾನೆ. ಜಪಾನಿನ ತಕುವೋ ಅಯೋಯಾಗಿ. 1970ರ ದಶಕದ ಶುರುವಿನಲ್ಲಿ ಹೃದಯ ಎಷ್ಟು ರಕ್ತ ಒತ್ತುತ್ತೆ ಅಂತ ಕಿವಿಗೆ ಬೆಳಕು ಬಿಟ್ಟು ಅಳೆಯೋಕೆ ಹೋಗಿದ್ದ. ನಾಡಿಮಿಡಿತ ನಡುವೆ ಬಂದು ರೀಡಿಂಗ್ ಕೆಡಿಸ್ತಿತ್ತು. ಆ ಗದ್ದಲವನ್ನು ತೆಗೆದುಹಾಕೋಕೆ ಒದ್ದಾಡುವಾಗ ಹೊಳೆಯಿತು, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅನ್ನೋದನ್ನು ಆ ಗದ್ದಲವೇ ಹೇಳ್ತಿದೆ ಅಂತ. ಪಲ್ಸ್ ಆಕ್ಸಿಮೀಟರ್ ಬಂತು. ಆಪರೇಷನ್ ಥಿಯೇಟರಿನಲ್ಲಿ ಟುಕ್ ಟುಕ್ ಅನ್ನೋ ಸದ್ದು ಅದರದೇ. ಆಮ್ಲಜನಕ ಇಳಿದರೆ ಸ್ವರವೂ ಇಳಿಯುತ್ತೆ, ತಿರುಗಿ ನೋಡದೇ ಗೊತ್ತಾಗುತ್ತೆ. ಅಯೋಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ನಾವೆಲ್ಲ ಮೆಡಿಕಲ್ ಶಾಪಿನ ಮುಂದೆ ಆಕ್ಸಿಮೀಟರಿಗೆ ಕ್ಯೂ ನಿಲ್ಲೋ ಕಾಲ ಆಗಷ್ಟೇ ಶುರುವಾಗಿತ್ತು.

ಇದೆಲ್ಲ ನಾನು ಆಮೇಲೆ ಓದಿದ್ದು. ಆ ಶನಿವಾರ ನನಗೆ ಗೊತ್ತಿರಲಿಲ್ಲ. ಊಟ ಆದ ಮೇಲೆ ತಂಗಿಯನ್ನು ಕರ್ಕೊಂಡು ಸ್ಟೇಷನ್ ಕಡೆ ನಡೆದೆ. ಯಾಕಮ್ಮ ಇದೇ ಬೇಕು ಅಂತ ಕೇಳಿದೆ. ಓದೋದು ಮೂರು ವರ್ಷ, ಆಮೇಲೆ ಸರ್ಜನ್‌ಗಳು ಕರೆದಾಗ ಒಂದು ನರ್ಸಿಂಗ್ ಹೋಮಿನಿಂದ ಇನ್ನೊಂದಕ್ಕೆ ಓಡಬೇಕು, ಕೇಸಿಗೆ ಇಷ್ಟು ಅಂತ ದುಡ್ಡು, ರೋಗಿಗೆ ಮುಖ ನೆನಪಿರಲ್ಲ. ಅದೆಲ್ಲ ಅವಳಿಗೂ ಗೊತ್ತಿತ್ತು.

"ಅಣ್ಣ, ಇಂಟರ್ನ್‌ಶಿಪ್‌ನಲ್ಲಿ ಒಂದು ರಾತ್ರಿ..." ಅಂತ ಶುರು ಮಾಡಿದಳು. ತಾಲ್ಲೂಕು ಆಸ್ಪತ್ರೆ ಒಂದರಲ್ಲಿ ಪೋಸ್ಟಿಂಗ್. ಯಾವುದು ಅನ್ನೋದು ಬೇಡ. ಎರಡನೇ ಹೆರಿಗೆಯ ಹೆಂಗಸು ಬಂದಳು, ಮಗುವಿನ ಬಡಿತ ಇಳೀತಾ ಇತ್ತು. ಹೆರಿಗೆ ಡಾಕ್ಟರು ಇದ್ದರು. ಥಿಯೇಟರ್ ಇತ್ತು. ಕರೆಂಟ್, ದಾರ, ಕತ್ತರಿ ಎಲ್ಲ ಇತ್ತು. ಅನಸ್ತೇಶಿಯಾದವರು ಇರಲಿಲ್ಲ. ಹುದ್ದೆಯೇ ಖಾಲಿ. ಹೊರಗಿನಿಂದ ಬರ್ತಿದ್ದವರು ಬೇರೆ ಕೇಸಿನಲ್ಲಿದ್ದರು. ಆಂಬುಲೆನ್ಸ್ ಹತ್ತಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸಿದರು. ತಾಯಿ ಉಳಿದಳು. "ಬೆನ್ನಿಗೆ ಒಂದು ಇಂಜೆಕ್ಷನ್ ಅಣ್ಣ. ಅದನ್ನು ಕೊಟ್ಟು, ಬಿಪಿ ಬಿದ್ರೆ ಹಿಡ್ಕೊಳ್ಳೋಕೆ ಒಬ್ರು ಬೇಕಿತ್ತು. ಅಷ್ಟೇ."

ಇದು ಆ ಒಂದು ರಾತ್ರಿಯ ಕತೆ ಮಾತ್ರ ಆಗಿದ್ದಿದ್ದರೆ ಸರ್ಕಾರ ಎಂಬಿಬಿಎಸ್ ಡಾಕ್ಟರುಗಳಿಗೆ 18 ವಾರ ತರಬೇತಿ ಕೊಟ್ಟು, ತುರ್ತು ಹೆರಿಗೆಗೆ ಬೇಕಾದಷ್ಟು ಅರಿವಳಿಕೆ ಕಲಿಸೋ ಕಾರ್ಯಕ್ರಮ ಮಾಡಬೇಕಾಗ್ತಿರಲಿಲ್ಲ.

ಸಂಜೆ ಅಂಗಡಿ ಮುಂದೆ ಚಿಕ್ಕಪ್ಪನ ಜೊತೆ ಕೂತೆ. ಆ ಹೆಂಗಸಿನ ವಿಷಯ ತಂಗಿ ಮನೆಯಲ್ಲಿ ಹೇಳೇ ಇರಲಿಲ್ಲ, ನಾನು ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಬೇರೆ ಮಾತು ತೆಗೀಬೇಕು ಅಂತ, ಗಣಿಯಲ್ಲಿ ನಿಮ್ಮ ಕೆಲಸ ಏನು ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ಸರಿಯಾಗಿ ಕೇಳೇ ಇರಲಿಲ್ಲ. ಅವರು ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ಜನರನ್ನು ಗಣಿಗೆ ಇಳಿಸಿ ಹತ್ತಿಸೋ ಕೇಜನ್ನು ಮೇಲಿನ ಎಂಜಿನ್ ಮನೆಯಲ್ಲಿ ಕೂತು ನಡೆಸೋ ಕೆಲಸ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋದ ಗಣಿ. ಅಷ್ಟೂ ಆಳಕ್ಕೆ ಒಂದೇ ಕೇಜ್ ಹೋಗಲ್ಲ, ಹಂತ ಹಂತವಾಗಿ ಇಳೀಬೇಕು.

"ಕೇಜ್ ನಮಗೆ ಕಾಣಲ್ಲ ಕಣಪ್ಪಾ. ಮುಂದೆ ಒಂದು ದೊಡ್ಡ ಡಯಲ್, ಮುಳ್ಳು ಎಷ್ಟು ಆಳ ಅಂತ ತೋರಿಸುತ್ತೆ. ಆಮೇಲೆ ಗಂಟೆ. ಮೂರು ಬಾರಿಸಿದ್ರೆ ಒಳಗೆ ಮನುಷ್ಯರು ಇದ್ದಾರೆ ಅಂತ. ಕಲ್ಲು ಎತ್ತೋದೇ ಬೇರೆ, ಮನುಷ್ಯರನ್ನ ಎತ್ತೋದೇ ಬೇರೆ. ಕೈ ಲಿವರ್ ಮೇಲೆ, ಕಣ್ಣು ಮುಳ್ಳಿನ ಮೇಲೆ. ಪಕ್ಕದಲ್ಲಿ ಯಾರೂ ಮಾತಾಡಿಸೋ ಹಾಗಿರ್ಲಿಲ್ಲ."

"ಮೇಲೆ ಬಂದವರು ನಿಮ್ಮನ್ನ ನೋಡ್ತಿದ್ರಾ?"

"ಅವರ್ಯಾಕೆ ನೋಡ್ತಾರೆ? ಪಾಳಿ ಮುಗೀತು, ಮನೆಗೆ ಹೋಗ್ತಾರೆ."

ಹೇಳಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಕನ್ನಡದಲ್ಲಿ ನಾವು ಅರಿವಳಿಕೆ ಅಂತೀವಿ, ಅರಿವನ್ನು ಅಳಿಸೋದು. ಅದು ಅರ್ಧ ಕೆಲಸದ ಹೆಸರು. ಕೆಳಗೆ ಇಳಿಸಿದ್ದಕ್ಕೆ ಹೆಸರಿದೆ, ಮೇಲೆ ತಂದದ್ದಕ್ಕೆ ಇಲ್ಲ. ಈ ಮಾತನ್ನು ಅವತ್ತೇ ಹೇಳಿದೆ ಅಂತ ಬರೆಯೋ ಆಸೆ ಇದೆ, ಆದರೆ ಹೊಳೆದದ್ದು ವಾಪಸ್ ರೈಲಿನಲ್ಲಿ. ಒಬ್ಬ ಹುಡುಗ ಬಂದು ಅರ್ಧ ಕೆಜಿ ಸಕ್ಕರೆ ಕೇಳಿದ. ಚಿಕ್ಕಪ್ಪ ಎದ್ದು ತೂಕ ಹಾಕಿ ಕೊಟ್ಟು ಬಂದು, "ಬೆನ್ನಿಗೆ ಇಂಜೆಕ್ಷನ್ ಕೊಟ್ರೆ ಆಮೇಲೆ ಜೀವನಪೂರ್ತಿ ಬೆನ್ನುನೋವು ಬರುತ್ತಂತಲ್ಲ, ನಿಜಾನಾ?" ಅಂತ ಕೇಳಿದರು. ಅವಳನ್ನೇ ಕೇಳಿ ಅಂದೆ. ಒಳಗೆ ಹೋಗಿ ಕೇಳಿದರು. ಎರಡು ದಿನದ ಮೇಲೆ ಅಪ್ಪ ಮಗಳು ಆಡಿದ ಮೊದಲ ಮಾತು ಅದೇ ಅಂತ ಚಿಕ್ಕಮ್ಮ ಆಮೇಲೆ ಹೇಳಿದರು. ಇಲ್ಲಪ್ಪ, ಆ ನೋವು ಸೂಜಿಯಿಂದ ಬರೋದಲ್ಲ ಅಂತ ಅವಳು ಅರ್ಧ ಗಂಟೆ ವಿವರಿಸಿದಳು.

ಪಟ್ಟಿ ಬದಲಾಗಲಿಲ್ಲ. ಸೀಟು ಸಿಕ್ಕಿತು. ಈಗ ಮೊದಲ ವರ್ಷ. ಈ ದೀಪಾವಳಿಗೆ ನಾವಿಬ್ಬರೂ ಒಂದೇ ರೈಲಿನಲ್ಲಿ ಹೋದೆವು. ಹಿಂದಿನ ರಾತ್ರಿ ಡ್ಯೂಟಿ ಮಾಡಿ ಬಂದವಳು ಬಂಗಾರಪೇಟೆ ತನಕ ಕಿಟಕಿಗೆ ತಲೆ ಒರಗಿಸಿ ಮಲಗಿದಳು. ಇನ್ನೊಂದು ರೈಲು ಹತ್ತಿ ಮತ್ತೆ ಮಲಗಿದಳು. ಊರಿಗಾಂ ಪ್ಲಾಟ್‌ಫಾರ್ಮಿನಲ್ಲಿ ಚಿಕ್ಕಪ್ಪ ಕಾಯ್ತಾ ನಿಂತಿದ್ದರು. ಮಗಳ ಕೈಯಿಂದ ಬ್ಯಾಗ್ ತಗೊಂಡು ನನ್ನ ಕಡೆ ತಿರುಗಿ, "ಊರಿಗೆಲ್ಲ ನಿದ್ದೆ ಮಾಡಿಸ್ತಾಳೆ, ಇವಳಿಗೆ ಮಾತ್ರ ನಿದ್ದೆ ಇಲ್ಲ ನೋಡು" ಅಂದರು. ಆ ಮಾತನ್ನು ಸ್ಟೇಷನ್‌ನಿಂದ ಮನೆ ತಲುಪೋದರೊಳಗೆ ಸಿಕ್ಕಿದ ಇನ್ನೂ ಮೂರು ಜನಕ್ಕೆ ಹೇಳಿದರು.